ಜನ್ನತಳ ಎಡಗೈ ಹುರಿ

೨ ನವೆಂಬರ್ ೨೦೨೫, ಭಾನುವಾರ. ಬೆಟಗೇರಿ

ತಂಗಿ ಜನ್ನತ, ಸಲಾಮ್. ನಿನ್ನ ಮೊಣಕಾಲು ಹೇಗಿದೆ? ನಿನ್ನ ಮಗ ಮೊಹಸಿನನ ಬೆನ್ನು ನೆಟ್ಟಗಾಯಿತೋ, ಇನ್ನೂ ಬಗ್ಗಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾನೋ? ಸೊಸೆ ಅಮೀರಾ ಥೈರಾಯ್ಡ್ ಗುಳಿಗೆ ತಪ್ಪದೆ ನುಂಗುತ್ತಾಳೆಯೇ? ಕರಿ ಆಡು ಈಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಕಣ್ಣಿಗೆ ಪೊರೆ, ಬಾಯಲ್ಲಿ ಆರು ಹಲ್ಲು. ಉಳಿದದ್ದೆಲ್ಲ ಸರಿ.

ಇದೂ ಪೋಸ್ಟಿಗೆ ಹೋಗುವ ಪತ್ರವಲ್ಲ. ನೋಟ್‌ಬುಕ್ಕಿನದು. ಪೋಸ್ಟಿಗೆ ಹಾಕುವುದು ವರ್ಷಕ್ಕೆ ಎರಡೇ — ರಂಜಾನಿಗೊಂದು, ಬಕ್ರೀದಿಗೊಂದು. ಅವುಗಳಲ್ಲಿ ಕ್ಷೇಮಸಮಾಚಾರ ಬಿಟ್ಟು ಬೇರೇನೂ ಬರೆಯಲಾಗುವುದಿಲ್ಲ. ನಿನಗೆ ಓದು ಬರದು. ಅಮೀರಾ ಓದಿ ಹೇಳುತ್ತಾಳೆ, ನಿಮ್ಮ ಹಿರೇವಡ್ಡಟ್ಟಿಯ ಬಸ್ ನಿಲ್ದಾಣದವರೆಗೆ ಕೇಳುವ ಹಾಗೆ. ಅದಕ್ಕೇ ಮನಸ್ಸಿನದು ಇಲ್ಲಿ, ಮರ್ಯಾದೆಯದು ಅಲ್ಲಿ.

ನಾಲ್ಕೂವರೆ ವರ್ಷ. ಒಂಬತ್ತು ಪತ್ರ. ಒಂದಕ್ಕೂ ಉತ್ತರವಿಲ್ಲ. ನಿಮ್ಮ ಮನೆಯ ಸುದ್ದಿ ಊರಿನವರ ಬಾಯಿಂದಲೇ ತಿಳಿಯಬೇಕು. ಬೈದಾದರೂ ಬರೆಸಬಾರದೇ?

ಇರಲಿ. ಇವತ್ತಿನ ತಲೆನೋವು ಬೇರೆ. ಮೊಮ್ಮಗಳು ಫಿಜಾ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ. ಡಿಸೆಂಬರ್ ಹನ್ನೆರಡಕ್ಕೆ ಅವರ ಶಾಲೆಯಲ್ಲಿ ಪ್ರದರ್ಶನವಂತೆ. ಹೆಡ್‌ಮೇಡಂ ಚೀಟಿ ಎತ್ತಿಸಿದರು. ಬೇರೆಯವರಿಗೆ ಜಪಾನು, ಈಜಿಪ್ಟು. ಇವಳ ಕೈಗೆ ಬಂದದ್ದು ‘ಪೆರು ದೇಶದ ಕಾನಾಸ್ ಪ್ರಾಂತ, ಭೂಗೋಳ ಮತ್ತು ಪರಂಪರೆ’. ಮುಖ ಉಬ್ಬಿಸಿಕೊಂಡು ಬಂದಳು.

“ಅಜ್ಜಾ, ಒಂದು ಸೇತುವಿ ಮಾಡಿ ಕೊಡ್ರಿ. ಹಗ್ಗದ್ದು. ಹನ್ನೆರಡು ಫೂಟು.”

“ಯಾವ ಹಗ್ಗ?”

“ಹುಲ್ಲಿಂದು.”

“ಹುಲ್ಲಿನ ಹಗ್ಗ ಹೊಸೆದು ನಲವತ್ತು ವರ್ಷ ಆತು. ನಾ ಈಗ ಗಾದಿ ಹೊಲಿಯಾಂವ.”

“ನೀವ ಹೇಳ್ತಿದ್ರಲ್ಲ, ಕಳಸಾಪುರದಾಗ ಆನಿ ಕಟ್ಟೂ ಹಗ್ಗ ಹೊಸದೀವಿ ಅಂತ?”

ಹೇಳಿದ್ದೆ. ಈ ಬಾಯಿ ಸುಮ್ಮನಿರುವುದಿಲ್ಲ. ನಾವು ಬೆಳೆದ ಕಳಸಾಪುರಕ್ಕೆ ಆನೆ ಯಾವಾಗ ಬಂದಿತ್ತು ಎಂದು ಅವಳು ಕೇಳಲಿಲ್ಲ, ಪುಣ್ಯ.

೪ ನವೆಂಬರ್, ಮಂಗಳವಾರ

ಫೋನಿನಲ್ಲಿ ಚಿತ್ರ ತೋರಿಸುತ್ತಾಳೆ. ನಾನು ಹತ್ತಿರ ಹಿಡಿದರೆ ಚಿತ್ರ ಅಡ್ಡ ತಿರುಗುತ್ತದೆ. ಫೋನು ತಿರುಗಿಸಿದರೆ ಚಿತ್ರ ಮತ್ತೆ ತಿರುಗುತ್ತದೆ. ಕಡೆಗೆ ನಾನೇ ಕುತ್ತಿಗೆ ಓರೆ ಮಾಡಿ ನೋಡಿದೆ.

ಜನ್ನತ, ಎಂಥ ಸೀಮೆ ಗೊತ್ತೇ! ನಾಲ್ಕು ಕಪ್ಪತಗುಡ್ಡಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು ಎತ್ತರದಲ್ಲಿ ಊರುಗಳಿವೆ. ಅಲ್ಲಿ ಮರ ಕಡಿಮೆ, ಗಾಳಿ ತೆಳ್ಳಗೆ, ಹುಲ್ಲು ಬಿರುಸು. ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಹರವುತ್ತಾರೆ, ಹಗಲು ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ, ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ. ಮಾತು ಕೆಚುವಾ. ಗುಡ್ಡಕ್ಕೆ ‘ಅಪು’ ಅನ್ನುತ್ತಾರೆ, ಒಡೆಯ ಎಂಬ ಅರ್ಥದಲ್ಲಿ. ಕೆಲಸ ಹಿಡಿಯುವ ಮೊದಲು ಅವನನ್ನು ಕೇಳಬೇಕು.

ಆಳವಾದ ಕೊಳ್ಳ. ಕೆಳಗೆ ಅಪುರಿಮಾಕ್ ಎಂಬ ಹೊಳೆ. ಅದರ ಮೇಲೆ ಹುಲ್ಲಿನ ಸೇತುವೆ, ತೊಂಬತ್ತು ಅಡಿಗಿಂತ ಉದ್ದ. ಮೊಳೆ ಇಲ್ಲ, ತಂತಿ ಇಲ್ಲ. ಪ್ರತಿ ವರ್ಷ ಜೂನಿನಲ್ಲಿ ನಾಲ್ಕು ಊರಿನವರು ಸೇರಿ ಹಳೆಯದನ್ನು ಹೊಳೆಗೆ ಬಿಟ್ಟು ಹೊಸದು ಕಟ್ಟುತ್ತಾರೆ. ನಮ್ಮಲ್ಲಿ ಮುಯ್ಯಾಳು ಅನ್ನುತ್ತೇವಲ್ಲ, ಅದೇ ರೀತಿ. ಮನೆಮನೆಯಿಂದಲೂ ಹುರಿ ಬರಬೇಕು. ಹುಲ್ಲು ಜಜ್ಜಿ, ನೆನೆಸಿ, ಅಂಗೈಗಳ ನಡುವೆ ಹೊಸೆಯುವವರು ಹೆಂಗಸರು. ಅಳೆಯುವುದು ಮಾರಿನಿಂದ! ಎರಡೂ ಕೈ ಚಾಚಿ, ನಾವು ಅಳೆದ ಹಾಗೆಯೇ. ಆ ಚಿತ್ರವನ್ನು ಫಿಜಾ ಮುಂದೆ ಸರಿಸಲು ಹೋದಳು. ಸರಿಸಬೇಡ ಎಂದು ಗದರಿದೆ.

ಎದುರು ಮನೆಯ ನೀಲಪ್ಪ ಬಂದ. ರಿಟೈರ್ಡ್ ಕಂಡಕ್ಟರ್. ಚಹಾದ ವಾಸನೆ ಅವನಿಗೆ ಓಣಿಯಾಚೆಯಿಂದ ಸಿಗುತ್ತದೆ.

“ಯಾವ ಕಡೆ ಬರ್ತೈತಿ ಇದು? ಹುಬ್ಬಳ್ಳಿ ಮ್ಯಾಲಿಂದ ಹೋಗಬೇಕೇನು?”

“ಭೂಮೀದ ಆಚಿ ಮಗ್ಗಲಕ ಐತಿ.”

“ಹಂಗಾರ ಸೀಟ ಸಿಗೂದಿಲ್ಲ ತಗೋ.”

ಹೆಡ್‌ಮೇಡಂ ಫೋನ್ ಮಾಡಿದ್ದರು: “ಫಿಜಾ ಟೀಚರ್, ಥರ್ಮಾಕೋಲಿಂದು ಮಾಡಿ ಹಸಿರು ಸ್ಪ್ರೇ ಹೊಡೀರಿ, ಸಾಕು.” ಥರ್ಮಾಕೋಲಿನ ಮೇಲೆ ಇರುವೆ ದಾಟೀತು. ಹಗ್ಗ ಹೊಸೆದು ಬಾಳಿದ ನದಾಫರ ಮನೆಯಿಂದ ಥರ್ಮಾಕೋಲಿನ ಹಗ್ಗ ಹೋಗುವುದಿಲ್ಲ ಎಂದು ಹೇಳಿಸಿದೆ. ಹೇಳಿದ ಮೇಲೆ ಹೆದರಿಕೆಯಾಯಿತು.

೭ ನವೆಂಬರ್, ಶುಕ್ರವಾರ

ಹುಲ್ಲು ಎಲ್ಲಿದೆ? ಎಲ್ಲೂ ಇಲ್ಲ.

ಕಪ್ಪತಗುಡ್ಡದ ಕರಡ ಹುಲ್ಲು ಹುರಿಗೆ ಚೆನ್ನ. ಅದು ಈಗ ಅಭಯಾರಣ್ಯ. ಗಾರ್ಡ್ ಒಳ್ಳೆಯ ಮನುಷ್ಯ, ಕೈಮುಗಿದು ಹೇಳಿದ: “ಒಂದು ಕಡ್ಡಿ ಕಿತ್ತಂಗಿಲ್ರಿ ಅಜ್ಜಾರ.” ಸರಿ, ಪುಂಡಿನಾರಾದರೂ ಸಿಕ್ಕೀತು ಎಂದು ಲಕ್ಷ್ಮೇಶ್ವರದ ಪೇಟೆ ತಿರುಗಿದೆ. ನೈಲಾನ್. ಎಲ್ಲ ನೈಲಾನ್. ಹಳದಿ, ಕೆಂಪು, ನೀಲಿ. ನಾರು ಬೇಕು ಅಂದರೆ ಅಂಗಡಿಯವನು ನನ್ನನ್ನೇ ಹಳೆಯ ಸಾಮಾನು ನೋಡಿದ ಹಾಗೆ ನೋಡಿದ. ಶಿರಹಟ್ಟಿಯಲ್ಲೂ ಅದೇ ಕಥೆ. ಬಸ್ಸಿನಲ್ಲಿ ನಿಂತೇ ಬಂದೆ. ಮೊಣಕಾಲು ನಿನಗಷ್ಟೇ ಇದೆಯೇ?

ಉಳಿದದ್ದು ನಿಮ್ಮ ಹೊಲದ ಬದು. ಅಲ್ಲಿ ಸೊಂಟದೆತ್ತರ ಕರಡ ಇದೆ ಎಂದು ನನಗೆ ಮೊದಲ ದಿನವೇ ನೆನಪಾಗಿತ್ತು. ಬಾಯಿ ಬಿಡಲಿಲ್ಲ, ಅಷ್ಟೇ.

ಫಿಜಾ ಮೊಹಸಿನನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಇಟ್ಟಳು. ನಾನು ಗಾದಿಯ ಹತ್ತಿ ಬಿಡಿಸುತ್ತ ಕೇಳದವನ ಹಾಗೆ ಕೂತಿದ್ದೆ.

“ಕಾಕಾ, ಅಜ್ಜಗ ಎರಡು ಹೊರಿ ಕರಡ ಬೇಕಾಗೈತಿ.”

“ಯಾಕ?”

“ಹಗ್ಗ ಹೊಸೀತಾರಂತ.”

“ಅವ್ವನ್ನ ಕೇಳಿ ಹೇಳ್ತೀನಿ.”

ಹಿಂದಿನಿಂದ ನಿನ್ನ ಕೆಮ್ಮು ಕೇಳಿತು, ಜನ್ನತ. ನೀನು ಅಲ್ಲೇ ಇದ್ದೆ.

೧೨ ನವೆಂಬರ್, ಬುಧವಾರ

ಬಂತು! ಮುಂಡರಗಿ ಬಸ್ಸಿನಲ್ಲಿ ಒಂದು ಗೋಣಿಚೀಲ. ನೀಲಪ್ಪ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬಂದ. ಇಳಿಸಿದ್ದನ್ನು ಹತ್ತು ಸಲ ಹೇಳಿದ.

ಬಾಯಿ ಬಿಚ್ಚಿ ನೋಡಿದರೆ ಹುಲ್ಲಲ್ಲ. ಹುರಿ. ಹನ್ನೆರಡು ಸುರುಳಿ, ಬೆರಳಿನ ದಪ್ಪ, ಒಂದೇ ಸಮ. ನೆನೆಸಿ, ಜಜ್ಜಿ, ಹೊಸೆದು, ನೆರಳಲ್ಲಿ ಒಣಗಿಸಿದ್ದು. ಜೊತೆಗೆ ಚೀಟಿ ಇಲ್ಲ. ಗೋಣಿಯ ಮೂಲೆ ಮೂಲೆ ತಡಕಿದೆ. ಇಲ್ಲ.

ಎಲ್ಲವೂ ಎಡಹುರಿ.

ಜನ್ನತ, ನಾನು ಹುಲ್ಲು ಕೇಳಿದ್ದೆ! ನೀನು ಎಡಗೈಯವಳು. ನಿನ್ನ ಅಂಗೈ ಮುಂದೆ ಉರುಳಿದರೆ ಹುರಿ ಎಡಕ್ಕೆ ಸುತ್ತಿಕೊಳ್ಳುತ್ತದೆ, ನನ್ನದು ಬಲಕ್ಕೆ. ಎರಡನ್ನೂ ಸೇರಿಸಿ ಒಂದು ಹಗ್ಗ ಹೆಣೆದರೆ ಒಂದು ಬಿಗಿಯಾಗುವಾಗ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಇದು ನಿನಗೆ ಗೊತ್ತಿಲ್ಲವೇ? ಅವ್ವ ನಿನ್ನ ಎಡಗೈಗೆ ಅರಿವೆ ಕಟ್ಟಿ ಕೂರಿಸುತ್ತಿದ್ದಳು. ಅಪ್ಪ ಬಂದು ಬಿಚ್ಚುತ್ತಿದ್ದ. “ಇಕಿ ಕೈ ಇಕೀದು. ಬ್ಯಾರೇ ಹಗ್ಗ ಆಗಲಿ ಬಿಡ” ಅನ್ನುತ್ತಿದ್ದ.

ಫಿಜಾ ಸುರುಳಿ ಎತ್ತಿ ಮೂಸಿ, “ಎಷ್ಟ ಚಂದ ಅದಾವು ಅಜ್ಜಾ” ಅಂದಳು.

“ಚಂದ ತಗೊಂಡು ಏನ್ ಮಾಡೂದು? ಬಿಚ್ಚಿ ಹೊಸೀಬೇಕು.”

“ಹಂಗ ಇರಲಿ ಬಿಡ್ರಿ.”

“ನಿನಗೇನ ತಿಳೀತೈತಿ ಹುರೀದು?”

೧೯ ನವೆಂಬರ್, ಬುಧವಾರ

ಬರೆಯಲು ಮನಸ್ಸಿಲ್ಲ.

ಬಿಚ್ಚಿದೆ. ಹನ್ನೆರಡನ್ನೂ ನೀರಿಗೆ ಹಾಕಿ, ಬಿಚ್ಚಿ, ನನ್ನ ಕಡೆಗೆ ಹೊಸೆದೆ. ಒಂದು ದಿಕ್ಕಿಗೆ ಒಣಗಿದ ಹುಲ್ಲು ಇನ್ನೊಂದು ದಿಕ್ಕಿಗೆ ತಿರುಗುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಏಳು ಸುರುಳಿ ಕೈಯಲ್ಲೇ ಹೊಟ್ಟಾದವು. ಐದು ಮಾತ್ರ ಬಲಕ್ಕೆ ತಿರುಗಿದವು, ಅವೂ ಸಿಟ್ಟಿನಲ್ಲೇ.

ಫಿಜಾ ಹೊಟ್ಟನ್ನು ಗುಡಿಸಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ನೀಲಪ್ಪ ಹೇಳುತ್ತಾನೆ, ಸೊರಟೂರಿನ ತನ್ನ ಬೀಗರ ಹೊಲದಲ್ಲಿ ಬೇಕಾದಷ್ಟು ಕರಡ ಇದೆಯಂತೆ.

“ಮೊದಲ ಯಾಕ ಹೇಳಲಿಲ್ಲೋ?”

“ನೀ ಎಲ್ಲಿ ಕೇಳಿದಿ?”

ಇಂಥವನ ಜೊತೆ ಮೂವತ್ತು ವರ್ಷದಿಂದ ಚಹಾ ಕುಡಿಯುತ್ತಿದ್ದೇನೆ. ಖರೆ ಹೇಳುತ್ತೇನೆ ಜನ್ನತ, ಅವನು ಮೊದಲೇ ಹೇಳಿದ್ದರೂ ನಾನು ನಿನ್ನ ಹೊಲದ ಹುಲ್ಲನ್ನೇ ಕೇಳುತ್ತಿದ್ದೆ.

೨೪ ನವೆಂಬರ್, ಸೋಮವಾರ

ಸೊರಟೂರಿನ ಕರಡ ಬಂತು. ಐದು ದಿನ ಹೊಸೆದೆ. ಅಂಗೈ ಬೆಂದು ಹೋಗಿದೆ. ಆರು ಹಗ್ಗ — ತುಳಿಯಲು ನಾಲ್ಕು, ಹಿಡಿಯಲು ಎರಡು, ಅಲ್ಲಿಯ ಲೆಕ್ಕದಂತೆಯೇ. ಎಲ್ಲ ಬಲಹುರಿ. ಇವತ್ತು ಅಂಗಡಿ ಮುಂದೆ, ಬೇವಿನ ಮರಕ್ಕೂ ಬೋರಿನ ಕಂಬಕ್ಕೂ ನಡುವೆ ಕಟ್ಟಿ ಪರೀಕ್ಷೆ. ಓಣಿಯೆಲ್ಲ ಸೇರಿತು. ನೀಲಪ್ಪ ಸೀಟಿ ಊದಿದ, ಬಸ್ಸು ಬಿಟ್ಟ ಹಾಗೆ.

ಹತ್ತು ಇಟ್ಟಿಗೆ ಇಟ್ಟೆ. ನಿಂತಿತು. ಇಪ್ಪತ್ತು ಇಟ್ಟೆ. ನಾಲ್ಕೂ ಹಗ್ಗ ಒಂದೇ ದಿಕ್ಕಿಗೆ ತಿರುಗತೊಡಗಿದವು, ಮಾತಾಡಿಕೊಂಡವರ ಹಾಗೆ. ಸೇತುವೆ ಮೆಲ್ಲಗೆ ಮಗ್ಗುಲಾಗಿ ಇಟ್ಟಿಗೆಗಳನ್ನೆಲ್ಲ ನೆಲಕ್ಕೆ ಸುರಿಯಿತು. ಒಂದು ನೀಲಪ್ಪನ ಚಪ್ಪಲಿಯ ಮೇಲೆ.

“ಇಳೀರಿ ಇಳೀರಿ, ಲಾಸ್ಟ್ ಸ್ಟಾಪ!” ಅಂದ. ಕುಂಟುತ್ತಲೂ ನಕ್ಕ.

ನೆಲದ ಮೇಲೆ ಕೂತು ನೋಡಿದೆ. ಆಗ ಹೊಳೆಯಿತು. ಮುದುಕನಾಗುವವರೆಗೆ ಯಾಕೆ ಹೊಳೆಯಲಿಲ್ಲವೋ! ಅಪ್ಪ ಬಾವಿಯ ಹಗ್ಗವನ್ನು ಜೋಡಿಯಾಗಿ ಇಳಿಸುತ್ತಿದ್ದ — ಒಂದು ನನ್ನದು, ಒಂದು ನಿನ್ನದು. ಒಂದು ಬಲಕ್ಕೆ ತಿರುಗಹೋದರೆ ಇನ್ನೊಂದು ಎಡಕ್ಕೆ ಎಳೆಯುತ್ತದೆ, ಕೊಡ ನೆಟ್ಟಗೆ ಮೇಲೆ ಬರುತ್ತದೆ. “ಬ್ಯಾರೇ ಹಗ್ಗ ಆಗಲಿ ಬಿಡ” ಅಂದದ್ದು ನಿನ್ನ ಮೇಲಿನ ಮುದ್ದಿಗೆ ಅಂದುಕೊಂಡಿದ್ದೆ. ಅದು ಕಸುಬಿನ ಮಾತು.

ಕಾನಾಸಿನವರು ಹೇಗೆ ಸಂಭಾಳಿಸುತ್ತಾರೋ ಗೊತ್ತಿಲ್ಲ. ನಮ್ಮ ಹಗ್ಗಕ್ಕೆ ನಿನ್ನ ಹುರಿ ಬೇಕು. ಅದನ್ನು ನಾನು ಹೊಟ್ಟು ಮಾಡಿ ತಿಪ್ಪೆಗೆ ಹಾಕಿದ್ದೇನೆ.

೨೬ ನವೆಂಬರ್, ಬುಧವಾರ

ಎಡಕ್ಕೆ ಹೊಸೆಯಲು ನಾನೇ ಕೂತೆ. ಎರಡು ದಿನ. ಕೈ ನಾಲ್ಕು ಸಲ ಎಡಕ್ಕೆ ಉರುಳುತ್ತದೆ, ಐದನೆಯ ಸಲ ತಾನಾಗಿ ಬಲಕ್ಕೆ. ಎಪ್ಪತ್ತೆರಡು ವರ್ಷದ ಕೈ, ಯಾರ ಮಾತನ್ನು ಕೇಳೀತು? ಮೊಳದುದ್ದವೂ ಆಗಲಿಲ್ಲ. ಒದ್ದೆ ಹುಲ್ಲನ್ನು ಗೋಡೆಗೆ ಎಸೆದೆ.

ನೀಲಪ್ಪನ ಮುಂದೆ ಸಿಟ್ಟು ತೀರಿಸಿಕೊಂಡೆ. “ಚೀಟಿ ಇಲ್ಲ, ಮಾತಿಲ್ಲ, ಸಲಾಮಿಲ್ಲ. ಒಂಬತ್ತು ಪತ್ರಕ್ಕ ಒಂದು ಉತ್ತರ ಇಲ್ಲ. ಗೋಣಿ ಕಳಿಸಿದ್ರ ಆತೇನು?”

ಅವನು ಬಸಿಯಲ್ಲಿ ಚಹಾ ಸುರಿದುಕೊಂಡ. “ಅಲ್ಲೋ ಮಾರಾಯಾ, ಆಕೀಗೆ ಬರಿಯಾಕ ಬರೂದಿಲ್ಲ ಅಂತಿ.”

“ಸೊಸಿ ಅದಾಳಲ್ಲ.”

“ಸೊಸಿ ಕಡೆ ಬರೆಸೂ ಮಾತು ಬ್ಯಾರೆ. ಆಕಿ ತನ್ನ ಕೈಲೆ ಬರಿಯೂದು ಹುರಿ ಅಲ್ಲೇನು? ಹನ್ನೆರಡು ಸುರುಳಿ ಬರದು ಕಳಿಸಿದ್ಲು. ನೀ ಓದಲಿಲ್ಲ, ಹರದು ಒಗದಿ.”

ಚಹಾ ಕುಡಿದು ಎದ್ದು ಹೋದ. ಎಷ್ಟು ಸಿಟ್ಟು ಬಂತೆಂದರೆ ಅವನ ಬಸಿ ತೊಳೆಯದೆ ಹಾಗೇ ಬಿಟ್ಟೆ. ಮಧ್ಯಾಹ್ನದವರೆಗೆ ಅಲ್ಲೇ ಇತ್ತು. ಆಮೇಲೆ ತೊಳೆದೆ.

ನನ್ನ ತಂಗಿಯ ವಿಚಾರ ಈ ಕಂಡಕ್ಟರ್ ಹೇಳಬೇಕೇ? ಮೊಣಕಾಲು ನೋವಿಟ್ಟುಕೊಂಡು ಬದುವಿಗೆ ಹೋಗಿ, ಐದೇ ದಿನದಲ್ಲಿ ಹನ್ನೆರಡು ಸುರುಳಿ...

೨೭ ನವೆಂಬರ್, ಗುರುವಾರ

ಫಿಜಾ ತರಗತಿಗೆ ಟಿಪ್ಪಣಿ ಬರೆಯುತ್ತಿದ್ದಳು. ಗಟ್ಟಿಯಾಗಿ ಓದಿದಳು. ಕೊರೋನಾ ವರ್ಷ ಆ ನಾಲ್ಕು ಊರಿನವರು ಕೂಡಲಾಗಲಿಲ್ಲ. ಸೇತುವೆಗೆ ಹೊಸ ಹುರಿ ಬೀಳಲಿಲ್ಲ. ೨೦೨೧ರ ಮಾರ್ಚಿನಲ್ಲಿ ಅದು ತಾನಾಗಿ ಹರಿದು ಹೊಳೆಗೆ ಬಿತ್ತು.

“ಆಮ್ಯಾಲೆ?” ಅಂದೆ.

“ಜೂನಿನಾಗ ಮತ್ತ ಕಟ್ಟಿದ್ರು.”

“ಅದ ವರ್ಷಾ?”

“ಹೂಂ, ಅದ ವರ್ಷ. ಮೂರು ತಿಂಗಳಿಗೆ.”

ನನಗೆ ಯಾಕೋ ಆ ಕಾನಾಸಿನವರ ಮೇಲೆ ಸಿಟ್ಟು ಬಂತು. ಏನು ಅವಸರ ಅವರಿಗೆ!

ಮಧ್ಯಾಹ್ನ ಗೋಣಿ ಮಡಿಸಿಡಲು ಹೋದೆ. ಅದರ ಬಾಯಿ ಕಟ್ಟಿದ್ದ ತುಂಡು ಮೂಲೆಯಲ್ಲಿ ಬಿದ್ದಿತ್ತು. ಎಡಹುರಿ. ಅದೊಂದನ್ನು ಬಿಚ್ಚಿರಲಿಲ್ಲ. ಕೈ ಚಾಚಿ ಅಳೆದೆ. ಸರಿಯಾಗಿ ಒಂದು ಮಾರು.

೩೦ ನವೆಂಬರ್, ಭಾನುವಾರ

ಫಿಜಾ ಮೂರು ದಿನದಿಂದ ಹೇಳುತ್ತಿದ್ದಾಳೆ: “ಫೋನ್ ಹಚ್ಚತೀನಿ, ನೀವ ಮಾತಾಡ್ರಿ. ಹನ್ನೆರಡು ದಿನ ಉಳದಾವು. ಹೆಡ್‌ಮೇಡಂ ಥರ್ಮಾಕೋಲ್ ತರಿಸ್ಯಾರ.”

“ಫೋನಿನಾಗ ಬ್ಯಾಡ.”

“ಯಾಕ?”

“ಫೋನಿನಾಗ ನಾ ಮತ್ತ ಸುಳ್ಳ ಹೇಳ್ತೀನಿ.”

ಅವಳು ನನ್ನ ಮುಖ ನೋಡಿದಳು. ಪೋಸ್ಟಿನ ಲಕೋಟೆ ತಂದು ಇಟ್ಟು ಹೋಗಿದ್ದಾಳೆ. ಇಲ್ಲಿ ಕಚ್ಚಾ ಬರೆದು ನೋಡುತ್ತೇನೆ, ಆಮೇಲೆ ನಕಲು ತೆಗೆಯುತ್ತೇನೆ. ಅಮೀರಾ ಓದಲಿ. ಬಸ್ ನಿಲ್ದಾಣದವರೆಗೆ ಕೇಳಲಿ.

ತಂಗಿ ಜನ್ನತ, ಸಲಾಮ್. ಮೊಹಸಿನ, ಅಮೀರಾ, ಎಲ್ಲರಿಗೂ ಸಲಾಮ್.

೨೦೨೧ರ ಮೇ ತಿಂಗಳು, ಕೊರೋನಾ ಲಾಕ್‌ಡೌನ್. ಬೆಳಿಗ್ಗೆ ಏಳಕ್ಕೆ ಮೊಹಸಿನ ಫೋನ್ ಮಾಡಿ, ನಿನ್ನ ಯಜಮಾನರು ಬುಡ್ನೇಸಾಬರು ಹೋದರು, ಮಧ್ಯಾಹ್ನಕ್ಕೆ ದಫನ್ ಎಂದ. ಸಂಜೆ ನಾನು ಫೋನ್ ಮಾಡಿ, ಬರುತ್ತಿದ್ದೆ, ಮುಂಡರಗಿ ನಾಕಾದಲ್ಲಿ ಪೊಲೀಸರು ತಿರುಗಿ ಕಳಿಸಿದರು ಎಂದೆ. ನೀನು ಫೋನ್ ಇಟ್ಟೆ. ಅದೇ ಕಡೆಯ ಮಾತು.

ಮೊಹಸಿನ ಅದೇ ನಾಕಾದಲ್ಲಿ ಎಂಟರಿಂದ ನನಗಾಗಿ ಕಾದು ನಿಂತಿದ್ದನಂತೆ. ಪೊಲೀಸರನ್ನು ಕೇಳಿಕೊಂಡು ನನ್ನನ್ನು ದಾಟಿಸಲು. ಅಪ್ಪನ ಮಯ್ಯತ್ ಮನೆಯಲ್ಲಿಟ್ಟುಕೊಂಡು, ಬಿಸಿಲಲ್ಲಿ, ಹನ್ನೆರಡರವರೆಗೆ. ಇದು ನನಗೆ ತಿಂಗಳ ಮೇಲೆ ಬೇರೆಯವರಿಂದ ತಿಳಿಯಿತು.

ಯಾರೂ ನನ್ನನ್ನು ತಿರುಗಿಸಿ ಕಳಿಸಲಿಲ್ಲ, ಜನ್ನತ. ನಾನು ಹೊಸ್ತಿಲು ದಾಟಲೇ ಇಲ್ಲ. ಚಪ್ಪಲಿ ಹಾಕಿಕೊಂಡೆ, ತೆಗೆದೆ. ಮತ್ತೆ ಹಾಕಿಕೊಂಡೆ. ಆ ವಾರ ನಮ್ಮ ಓಣಿಯಲ್ಲಿ ಮೂವರು ಹೋಗಿದ್ದರು. ಹೆದರಿದೆ. ಒಳಗಿನಿಂದ ಅಗುಳಿ ಹಾಕಿಕೊಂಡು ಗಾದಿಯ ಮೇಲೆ ಕೂತಿದ್ದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಇನ್ನೊಂದು. ನೀನು ಕಳಿಸಿದ ಹನ್ನೆರಡು ಸುರುಳಿಯನ್ನೂ ನಾನು ಬಿಚ್ಚಿ ಹಾಳು ಮಾಡಿದೆ. ಎಡಹುರಿ ಅಂತ. ಬಲಹುರಿಯದಷ್ಟೇ ಮಾಡಿ ನೋಡಿದೆ, ಸೇತುವೆ ಮಗ್ಗುಲಾಗಿ ಬಿತ್ತು. ಅಪ್ಪ ಜೋಡಿ ಹಗ್ಗ ಇಳಿಸುತ್ತಿದ್ದದ್ದು ನಿನಗೆ ನೆನಪಿತ್ತು, ನನಗಿರಲಿಲ್ಲ. ನೀಲಪ್ಪ ನಕ್ಕ. ನೀನೂ ನಗು.

ಹನ್ನೆರಡನೇ ತಾರೀಖು ಪ್ರದರ್ಶನ. ಬಲಕ್ಕೆ ಹೊಸೆದ ಆರರಲ್ಲಿ ಮೂರು ಹಗ್ಗ ಇಟ್ಟುಕೊಂಡಿದ್ದೇನೆ. ಇನ್ನು ಮೂರು ಎಡಕ್ಕೆ ಬೇಕು. ಹುಲ್ಲು ಇಲ್ಲಿದೆ, ಸೊರಟೂರಿನದು, ನಿನ್ನ ಬದುವಿನಷ್ಟು ಚೆನ್ನಾಗಿಲ್ಲ. ಕೈ ಇಲ್ಲ. ಮೊಹಸಿನ ಕರೆತಂದರೆ ಮೊಣಕಾಲಿಗೆ ಕಷ್ಟವಾಗದ ಹಾಗೆ ಹೊಸ ಗಾದಿ ಹಾಕಿಸಿದ್ದೇನೆ. ಬರಲಿಕ್ಕಾಗದಿದ್ದರೆ, ಬರಲು ಮನಸ್ಸಿಲ್ಲದಿದ್ದರೂ, ಉತ್ತರ ಮಾತ್ರ ಕಳಿಸು. ಅಮೀರಾಳ ಕೈಲಿ ಬರೆಸಬೇಡ. ನಿನ್ನ ಕೈಯದೇ ಕಳಿಸು. ಒಂದು ಮಾರು ಸಾಕು. ಈ ಸಲ ಬಿಚ್ಚುವುದಿಲ್ಲ, ಹಾಗೇ ಓದಿಕೊಳ್ಳುತ್ತೇನೆ. ಬಸ್ಸಿಗೆ ಹಾಕಿದರೆ ನಾನೇ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ, ನೀಲಪ್ಪನನ್ನು ಕಳಿಸುವುದಿಲ್ಲ. ಮುಂಡರಗಿ ನಾಕಾಕ್ಕೆ ಬಾ ಅಂದರೂ ಬರುತ್ತೇನೆ, ಎಂಟಕ್ಕೇ ಬಂದು ನಿಲ್ಲುತ್ತೇನೆ. ಆದರೆ ಜಲ್ದಿ, ಜನ್ನತ. ಜಲ್ದಿ ಉತ್ತರ ಕಳಿಸು.